ಮಚ್ಚೆ ಮಗುವಿನ ಮೈಮೇಲೆ, ಆರೋಪ ತಾಯಿಯ ಮೇಲೆ

ಬೆನ್ನಿನ ತುಂಬ ಅಥವಾ ಅರ್ಧ ಮುಖಕ್ಕೆ ಕಪ್ಪು ಮಚ್ಚೆ ಹೊತ್ತ ಕೂಸು ಹುಟ್ಟಿದಾಗ ಬಾಣಂತಿಯ ಸುತ್ತ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದೆಯಾ? ಈಳಿಗೆ ಮಣೆ ಮುಟ್ಟಿದ್ದೆಯಾ? ಏನಾದರೂ ಕಂಡು ಬೆಚ್ಚಿ ಬಿದ್ದಿದ್ದೆಯಾ? ಬೇಡವೆಂದದ್ದನ್ನು ತಿಂದೆಯಾ? ಆಗಷ್ಟೇ ಹೆತ್ತು ದಣಿದ ಹೆಣ್ಣು ಒಂಬತ್ತು ತಿಂಗಳ ನೆನಪನ್ನೆಲ್ಲ ಜಾಲಾಡಿ ತನ್ನ ತಪ್ಪನ್ನು ತಾನೇ ಹುಡುಕಿ ಕೊಡಬೇಕಾಗುತ್ತದೆ. ಹುಡುಕಿದವರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಈ ವಿಚಾರಣೆ ಅನ್ಯಾಯದ್ದು ಎಂದು ಹೇಳಿದರೆ ಹೆಚ್ಚಿನ ಓದುಗರು ಒಪ್ಪಿಯಾರು. ನಾನು ಹೇಳಹೊರಟಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಈ ವಿಚಾರಣೆಯಿಂದ ಮಗುವಿನ ದೇಹಕ್ಕೇ ಕೇಡಾಗುತ್ತದೆ. ದೊಡ್ಡ ಹುಟ್ಟುಮಚ್ಚೆಯ ವಿಷಯದಲ್ಲಿ ಮೊದಲ ಐದಾರು ತಿಂಗಳು ಬಹಳ ಬೆಲೆಯುಳ್ಳವು. ತಪ್ಪು ಯಾರದ್ದು ಎಂದು ಕೇಳುವ ಮನೆಯಲ್ಲಿ ಮಗು ಬಟ್ಟೆಯೊಳಗೆ ಅಡಗುತ್ತದೆ, ನಾಚಿಕೆ ಹೊಸಿಲು ದಾಟಲು ಬಿಡುವುದಿಲ್ಲ, ಆ ತಿಂಗಳುಗಳು ಹಾಗೇ ಕಳೆದುಹೋಗುತ್ತವೆ.

ಮೊದಲು ಯಾವ ಮಚ್ಚೆಯ ಮಾತು ಎಂಬುದು ಸ್ಪಷ್ಟವಾಗಲಿ. ನಮ್ಮ ಕಡೆ ಹುಟ್ಟುವ ಬಹುಪಾಲು ಕೂಸುಗಳ ಸೊಂಟ, ಕುಂಡೆಯ ಮೇಲೆ ನೀಲಿ ಮಿಶ್ರಿತ ಬೂದು ಬಣ್ಣದ ಕಲೆ ಇರುತ್ತದೆ. ಜಪಾನಿನಲ್ಲಿ ಕೆಲಸ ಮಾಡಿದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ 1885ರಲ್ಲಿ ಇದನ್ನು ವಿವರಿಸಿದ. ಮಂಗೋಲಿಯನ್ ಕಲೆ ಎಂಬ ಹೆಸರು ಅಲ್ಲಿಂದ ಬಂತು. ಮುಟ್ಟಿದರೆ ಉಳಿದ ಚರ್ಮದಷ್ಟೇ ನುಣುಪು, ಅಂಚು ಮಸುಕು, ಕೂದಲಿಲ್ಲ. ಸಾಮಾನ್ಯವಾಗಿ ಶಾಲೆಗೆ ಸೇರುವ ವಯಸ್ಸಿನೊಳಗೆ ತಾನಾಗಿ ಮಾಸುತ್ತದೆ. ಅದಕ್ಕೆ ಚಿಂತೆ ಬೇಡ. ಮೈತುಂಬ ವ್ಯಾಪಿಸಿದ್ದು, ಮಾಸದೆ ಉಳಿದು, ಮಗುವಿನ ಬೆಳವಣಿಗೆಯೂ ಕುಂಠಿತವಾದರೆ ಮಾತ್ರ ವೈದ್ಯರು ಬೇರೆ ಕಾಯಿಲೆಗಳಿಗಾಗಿ ಹುಡುಕುತ್ತಾರೆ. ಹಾಲು ಬೆರೆಸಿದ ಕಾಫಿಯ ಬಣ್ಣದ ಚಪ್ಪಟೆ ಕಲೆಗಳು ಇನ್ನೊಂದು ಬಗೆ. ಅರ್ಧ ಸೆಂಟಿಮೀಟರಿಗಿಂತ ದೊಡ್ಡವು ಆರು ಅಥವಾ ಹೆಚ್ಚು ಇದ್ದರೆ ನರಗಳಿಗೆ ಸಂಬಂಧಿಸಿದ ಒಂದು ಆನುವಂಶಿಕ ಕಾಯಿಲೆಯ ಸುಳಿವಾಗಿರಬಹುದು. ಈ ಲೇಖನದ ಮಚ್ಚೆ ಇವೆರಡೂ ಅಲ್ಲ. ಹುಟ್ಟುವಾಗಲೇ ಕಂದು ಅಥವಾ ಕಡುಗಪ್ಪು ಬಣ್ಣ, ಗುರುತು ಹಿಡಿಯಬಹುದಾದ ಅಂಚು, ಕೆಲವೊಮ್ಮೆ ಒರಟಾದ ಅಥವಾ ಗಂಟುಗಂಟಾದ ಮೇಲ್ಮೈ, ಬರಬರುತ್ತ ಅದರ ಮೇಲೆ ದಟ್ಟ ಕೂದಲು. ಸುತ್ತಮುತ್ತ ಅಥವಾ ದೂರದಲ್ಲಿ ಸಾಸಿವೆಯಿಂದ ನಾಣ್ಯದವರೆಗಿನ ಗಾತ್ರದ ಮರಿ ಮಚ್ಚೆಗಳು. ಚಿಕ್ಕ ರೂಪದಲ್ಲಿ ಇದು ನೂರು ಕೂಸುಗಳಲ್ಲಿ ಒಂದಕ್ಕೆ ಇರುತ್ತದೆ. ದೊಡ್ಡದು ಅಪರೂಪ. ದಕ್ಷಿಣ ಅಮೆರಿಕದ ಹೆರಿಗೆ ಆಸ್ಪತ್ರೆಗಳ ಎಣಿಕೆಯಿಂದ 1981ರಲ್ಲಿ ಬಂದ ಅಂದಾಜು ಸುಮಾರು 20,000 ಕೂಸುಗಳಿಗೆ ಒಂದು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಗಳಾಗುತ್ತವೆ ಎಂದಿಟ್ಟುಕೊಂಡರೆ ಆ ಅಂದಾಜಿನ ಪ್ರಕಾರ ವರ್ಷಕ್ಕೆ ಐವತ್ತು ಮನೆಗಳು ಈ ಪ್ರಶ್ನೆಗಳನ್ನು ಎದುರಿಸುತ್ತವೆ.

ಗಾತ್ರದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ವೈದ್ಯರು ದೊಡ್ಡದು ಎನ್ನುವುದು ಕೂಸು ಬೆಳೆದು ದೊಡ್ಡದಾದಾಗ 20 ಸೆಂಟಿಮೀಟರ್ ದಾಟುವ ಮಚ್ಚೆಯನ್ನು; 40 ದಾಟಿದರೆ ದೈತ್ಯ ಮಚ್ಚೆ. ಹುಟ್ಟಿದಾಗ ಬೆನ್ನಿನ ಮೇಲೆ ಏಳು ಸೆಂಟಿಮೀಟರ್ ಇದ್ದದ್ದು ವಯಸ್ಕನ ಬೆನ್ನಿನಲ್ಲಿ ಇಪ್ಪತ್ತರ ಹತ್ತಿರ ಬರುತ್ತದೆ, ಯಾಕೆಂದರೆ ಬೆನ್ನೇ ಅಷ್ಟು ಪಟ್ಟು ಹಿಗ್ಗುತ್ತದೆ. ತಲೆ ಅಷ್ಟು ಹಿಗ್ಗದ ಕಾರಣ ತಲೆಯ ಮೇಲಿನ ಮಚ್ಚೆಯೂ ಅಷ್ಟು ಬೆಳೆಯದು. ಮಚ್ಚೆ ಹಬ್ಬುತ್ತಿದೆ ಎಂದು ಹೆದರಿ ಓಡುವ ತಂದೆತಾಯಿಗೆ ಇದು ಮೊದಲು ತಿಳಿಯಬೇಕು. ಅದು ಹಬ್ಬುತ್ತಿಲ್ಲ, ಮಗುವಿನ ಜೊತೆ ಬೆಳೆಯುತ್ತಿದೆ.

ಇನ್ನು ಕಾರಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಜೀವಕೋಶಗಳು ಚರ್ಮದಲ್ಲಿ ಹುಟ್ಟುವುದಿಲ್ಲ. ಮಿದುಳು, ಬೆನ್ನುಹುರಿಯಾಗಿ ಮುಂದೆ ರೂಪುಗೊಳ್ಳುವ ಕೊಳವೆಯ ಅಂಚಿನಲ್ಲಿ, ಗರ್ಭ ನಿಂತ ಮೊದಲ ವಾರಗಳಲ್ಲೇ ಅವುಗಳ ಮೂಲಕೋಶಗಳು ಹುಟ್ಟಿ, ಅಲ್ಲಿಂದ ಮೈಯ ಎಲ್ಲ ಭಾಗಗಳಿಗೂ ವಲಸೆ ಹೋಗುತ್ತವೆ. ಕೆಲವು ಮಿದುಳಿನ ಹೊದಿಕೆಗೂ ಹೋಗಿ ನೆಲೆಸುತ್ತವೆ. ಈ ವಲಸೆಗೆ ಮುಂಚೆ ಅಥವಾ ವಲಸೆಯ ದಾರಿಯಲ್ಲಿ ಒಂದೇ ಒಂದು ಕೋಶ ಇಬ್ಭಾಗವಾಗುವಾಗ ಅದರ ಡಿಎನ್‌ಎಯ ಒಂದು ಅಕ್ಷರ ತಪ್ಪಾಗಿ ನಕಲಾಗಬಹುದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೆರೋನಿಕಾ ಕಿನ್ಸ್ಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ನಿರ್ಣಾಯಕ. ಹಲವು ಹುಟ್ಟುಮಚ್ಚೆಗಳಿದ್ದ 15 ಮಂದಿಯನ್ನು ಪರೀಕ್ಷಿಸಿದಾಗ 12 ಮಂದಿಯ ಮಚ್ಚೆಗಳಲ್ಲಿ ಎನ್‌ರಾಸ್ ಎಂಬ ಜೀನಿನ 61ನೇ ಸ್ಥಾನ ಬದಲಾಗಿರುವುದು ಕಂಡಿತು. ಕೋಶಕ್ಕೆ ಬೆಳೆಯಲು, ಹೆಚ್ಚಲು ಹೇಳುವ ಸೂಚನೆ ಈ ಜೀನಿನ ಮೂಲಕ ಸಾಗುತ್ತದೆ; ಆ ಸ್ಥಾನ ಬದಲಾದರೆ ಸೂಚನೆ ನಿಲ್ಲುವುದೇ ಇಲ್ಲ. ಒಂದೇ ಮಗುವಿನ ಬೇರೆ ಬೇರೆ ಮಚ್ಚೆಗಳಲ್ಲಿ, ಮಿದುಳಿನ ದೋಷವಿದ್ದ ಭಾಗದಲ್ಲಿ ಕೂಡ, ಅದೇ ಬದಲಾವಣೆ ಇತ್ತು. ಮಚ್ಚೆಯಿಲ್ಲದ ಅಂಗಾಂಶದಲ್ಲಿ ಇರಲಿಲ್ಲ. ಅಂದರೆ ಎಲ್ಲ ಮಚ್ಚೆಗಳೂ ಒಂದೇ ಕೋಶದ ಸಂತತಿ. ನೇಕಾರ ಹಾಸು ಹೂಡುವಾಗಲೇ ಒಂದು ಎಳೆಗೆ ಬೇರೆ ಬಣ್ಣ ಅಂಟಿದ್ದರೆ ಆ ಬಣ್ಣ ಸೀರೆಯ ಉದ್ದಕ್ಕೂ ಓಡುತ್ತದೆ, ನೇಯ್ಗೆ ಮುಗಿಯುವ ಹೊತ್ತಿಗೆ ತಗುಲಿದ್ದರೆ ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ತಪ್ಪು ನಕಲು ಎಷ್ಟು ಮೊದಲು ಆಯಿತು ಎಂಬುದರ ಮೇಲೆ ಮಚ್ಚೆಯ ಹರವು ನಿಂತಿದೆ. ಕೋಟ್ಯಂತರ ಬಾರಿ ಇಬ್ಭಾಗವಾಗುವ ಕೋಶಗಳಲ್ಲಿ ಇಂಥ ತಪ್ಪುಗಳು ನಮ್ಮೆಲ್ಲರ ದೇಹದಲ್ಲೂ ಆಗುತ್ತಿರುತ್ತವೆ. ಅದಕ್ಕೆ ತಾಯಿ ತಿಂದದ್ದು, ನೋಡಿದ್ದು, ಮುಟ್ಟಿದ್ದು ಕಾರಣವೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಗ್ರಹಣದ ನಂಬಿಕೆಯನ್ನು ಅಲ್ಲಗಳೆಯಲು ವಿಜ್ಞಾನದ ಹೆಸರು ಹೇಳಿ ಗದರಿಸಿದರೆ ಸಾಲದು, ಲೆಕ್ಕ ಹಾಕಿ ತೋರಿಸಬೇಕು. ಗ್ರಹಣಗಳು ಸುಮಾರು ಆರು ತಿಂಗಳಿಗೊಮ್ಮೆ ಗುಂಪಾಗಿ ಬರುತ್ತವೆ. ವರ್ಷಕ್ಕೆ ಕನಿಷ್ಠ ನಾಲ್ಕು. ಹಾಗಾಗಿ ಒಂಬತ್ತು ತಿಂಗಳು ತುಂಬಿದ ಯಾವ ಗರ್ಭವೂ ಭೂಮಿಯ ಎಲ್ಲಾದರೂ ಒಂದು ಗ್ರಹಣವಾಗದೆ ಮುಗಿಯುವುದಿಲ್ಲ. ಎಲ್ಲವೂ ನಮ್ಮ ಊರಿಗೆ ಕಾಣುವುದಿಲ್ಲ, ಪಂಚಾಂಗವೂ ಕಾಣದ ಗ್ರಹಣಕ್ಕೆ ಆಚರಣೆ ಹೇಳುವುದಿಲ್ಲ, ನಿಜ. ಆದರೆ ಮಗು ಹುಟ್ಟಿದ ಮೇಲೆ ಹಿಂತಿರುಗಿ ಕಾರಣ ಹುಡುಕುವವರಿಗೆ ಆ ಎಚ್ಚರ ಇರುವುದಿಲ್ಲ. ಟಿವಿಯಲ್ಲಿ ಕಂಡ ಗ್ರಹಣವೂ ಸಾಕ್ಷಿಯಾಗಿ ಬಂದು ನಿಲ್ಲುತ್ತದೆ. ಎಲ್ಲರಿಗೂ ಅನ್ವಯವಾಗುವ ಆರೋಪದಿಂದ ಯಾರ ತಪ್ಪೂ ಸಾಬೀತಾಗುವುದಿಲ್ಲ. ಇನ್ನು ನಮ್ಮ ಊರಿನಲ್ಲೇ ಕಂಡ ಗ್ರಹಣ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕೊಡಗಿನ ಕುಟ್ಟ ಮತ್ತು ದಕ್ಷಿಣ ಕರಾವಳಿಯ ಕೆಲವೆಡೆ ಪೂರ್ಣ ಬಳೆಯಾಗಿಯೂ ರಾಜ್ಯದ ಉಳಿದೆಡೆ ಭಾಗಶಃವಾಗಿಯೂ ಕಂಡಿತು. ಅಂದು ರಾಜ್ಯದಲ್ಲಿ ಲಕ್ಷಾಂತರ ಬಸುರಿಯರಿದ್ದರು. ಬಾಗಿಲು ಮುಚ್ಚಿ ಕುಳಿತವರಿದ್ದಂತೆಯೇ ಕಾಫಿ ತೋಟದಲ್ಲಿ, ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ, ಈ ಆಚರಣೆಯೇ ಇಲ್ಲದ ಮನೆಗಳಲ್ಲಿ ಇದ್ದವರೂ ಬಹಳ. ಮುಂದಿನ ತಿಂಗಳುಗಳಲ್ಲಿ ಮಚ್ಚೆಯ ಕೂಸುಗಳು ಗುಂಪುಗುಂಪಾಗಿ ಹುಟ್ಟಿದ ಸುದ್ದಿ ಎಲ್ಲಿಂದಲೂ ಬರಲಿಲ್ಲ.

ಅವಳಿಗಳ ಸಾಕ್ಷ್ಯ ಇನ್ನೂ ಗಟ್ಟಿ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ತದ್ರೂಪ ಅವಳಿಗಳಲ್ಲಿ ಒಂದು ಮಗುವಿಗೆ ದೈತ್ಯ ಮಚ್ಚೆ, ಇನ್ನೊಂದಕ್ಕೆ ನಿರ್ಮಲ ಚರ್ಮ ಇರುವ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಒಂದೇ ಹೊಟ್ಟೆ, ಒಂದೇ ಊಟ, ಒಂದೇ ಭಯ, ಒಂದೇ ಗ್ರಹಣ. ತಾಯಿ ಮಾಡಿದ ಯಾವುದೋ ಕೆಲಸ ಕಾರಣವಾಗಿದ್ದರೆ ಇಬ್ಬರಿಗೂ ತಟ್ಟಬೇಕಿತ್ತು. ಕಾಲದ ಲೆಕ್ಕವೂ ತಾಳೆಯಾಗುವುದಿಲ್ಲ. ಮಚ್ಚೆಯ ಬೀಜ ಬಿದ್ದದ್ದು ಗರ್ಭದ ಮೊದಲ ತಿಂಗಳುಗಳಲ್ಲಿ, ಎಷ್ಟೋ ಬಾರಿ ತಾನು ಬಸುರಿ ಎಂದು ತಿಳಿಯುವ ಹೊತ್ತಿಗಾಗಲೇ. ಏಳು, ಎಂಟನೇ ತಿಂಗಳಲ್ಲಿ ಕಂಡ ಹಾವೂ ಹಿಡಿದ ಚಾಕುವೂ ಆಗಲೇ ಮೂಡಿ ಮುಗಿದ ಮಚ್ಚೆಗೆ ಕಾರಣವಾಗಲಾರವು. ಸ್ಕ್ಯಾನಿಂಗ್‌ನಲ್ಲಿ ಯಾಕೆ ತಿಳಿಯಲಿಲ್ಲ ಎಂದು ಕೇಳುವವರೂ ಇದ್ದಾರೆ. ಗರ್ಭದ ಸ್ಕ್ಯಾನ್ ಆಕಾರ ತೋರಿಸುತ್ತದೆ, ಬಣ್ಣ ತೋರಿಸುವುದಿಲ್ಲ.

ಇದು ನಮ್ಮವರ ಮೌಢ್ಯ ಮಾತ್ರ ಎಂದು ಭಾವಿಸುವುದೂ ತಪ್ಪು. ಮೆಕ್ಸಿಕೊದಲ್ಲೂ ಬಸುರಿಯರನ್ನು ಗ್ರಹಣದಿಂದ ಕಾಪಾಡುವ ಪದ್ಧತಿಯಿದೆ. ಅಲ್ಲಿನ ಹೆದರಿಕೆ ಹೆಚ್ಚಾಗಿ ಸೀಳುತುಟಿಯದ್ದು. ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದವರೆಗೆ ತಾಯಿಯ ಕಲ್ಪನೆ ಮಗುವಿನ ಮೈಮೇಲೆ ಅಚ್ಚೊತ್ತುತ್ತದೆ ಎಂಬುದು ಕಲಿತ ವೈದ್ಯರ ಮತವಾಗಿತ್ತು. ಚರ್ಮರೋಗಗಳ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಗ್ರಂಥಗಳಲ್ಲೊಂದನ್ನು 1714ರಲ್ಲಿ ಬರೆದ ಡೇನಿಯಲ್ ಟರ್ನರ್ ಅದರಲ್ಲಿ ಈ ಮತವನ್ನು ಸಮರ್ಥಿಸಿದ್ದ. 1727ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಾಂಡೆಲ್ ಅದಕ್ಕೆ ಉತ್ತರ ಬರೆದ. ಬೆಚ್ಚಿಬಿದ್ದ ಅಸಂಖ್ಯ ತಾಯಂದಿರಿಗೆ ಮಚ್ಚೆಯಿಲ್ಲದ ಮಕ್ಕಳು ಹುಟ್ಟುತ್ತವೆ, ಏನನ್ನೂ ಕಂಡು ಬೆಚ್ಚದ ತಾಯಂದಿರಿಗೆ ಮಚ್ಚೆಯ ಮಕ್ಕಳು ಹುಟ್ಟುತ್ತವೆ ಎಂಬ ಅನುಭವವೇ ಅವನ ವಾದದ ಒಂದು ಕಂಬ. ಜೀನ್ ಎಂಬುದರ ಅರಿವೇ ಇಲ್ಲದ ಕಾಲದಲ್ಲಿ ಬರೀ ಗಮನಿಸಿ ನೋಡಿದ್ದರಿಂದ ಅವನಿಗೆ ಅಷ್ಟು ಕಂಡಿತು. ಮುನ್ನೂರು ವರ್ಷ ಕಳೆದ ಮೇಲೆ, ತಪ್ಪಿದ ಅಕ್ಷರ ಯಾವುದೆಂದೇ ಗೊತ್ತಿರುವಾಗ, ನಾವು ಇನ್ನೂ ಬಾಣಂತಿಯನ್ನು ಪ್ರಶ್ನಿಸುತ್ತಿರುವುದು ನನಗೆ ನೋವಿನ ವಿಷಯ.

ಎರಡು ಆಕ್ಷೇಪಗಳು ಇಲ್ಲಿ ಏಳುತ್ತವೆ. ಗ್ರಹಣದಲ್ಲಿ ಬಸುರಿ ನಾಲ್ಕು ಗಂಟೆ ಮಲಗಿದ್ದರೆ ನಷ್ಟವೇನು, ನಂಬಿಕೆ ತನ್ನ ಪಾಡಿಗೆ ಇರಲಿ ಎಂಬುದು ಒಂದು. ವಿಶ್ರಾಂತಿಗೆ ನನ್ನ ತಕರಾರಿಲ್ಲ. ತುಂಬು ಬಸುರಿಯನ್ನು ನೀರು, ಊಟವಿಲ್ಲದೆ ಇರಿಸಿದರೆ ತಕರಾರಿದೆ. ದೊಡ್ಡ ನಷ್ಟ ಆ ನಾಲ್ಕು ಗಂಟೆಯದ್ದಲ್ಲ. ಪಾಲಿಸಿದರೆ ಮಗು ಚೆನ್ನಾಗಿರುತ್ತದೆ ಎಂಬ ನಿಯಮದ ಬೆನ್ನಿಗೇ ಮಗು ಚೆನ್ನಾಗಿಲ್ಲದಿದ್ದರೆ ಪಾಲಿಸಿಲ್ಲ ಎಂಬ ತೀರ್ಪು ಬರುತ್ತದೆ. ಎಲ್ಲವನ್ನೂ ಪಾಲಿಸಿದ ಹೆಣ್ಣಿಗೂ ಆ ತೀರ್ಪಿನಿಂದ ಬಿಡುಗಡೆಯಿಲ್ಲ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದಾಗುತ್ತದೆ. ಎರಡನೆಯ ಆಕ್ಷೇಪ ಓದಿದವರದ್ದು: ಗ್ರಹಣವಲ್ಲ, ಜೀನ್ ಎಂದಾದರೆ ಆ ಜೀನ್ ಬಂದದ್ದು ಯಾರ ಕಡೆಯಿಂದ? ಹಳೆಯ ಆರೋಪವೇ ಹೊಸ ಬಟ್ಟೆ ತೊಟ್ಟು ಬಂದಿದೆ. ಈ ಬದಲಾವಣೆ ತಾಯಿಯ ಅಂಡದಲ್ಲಿಯೂ ಇರಲಿಲ್ಲ, ತಂದೆಯ ವೀರ್ಯದಲ್ಲಿಯೂ ಇರಲಿಲ್ಲ. ಭ್ರೂಣ ರೂಪುಗೊಂಡ ಮೇಲೆ ಅದರದ್ದೇ ಒಂದು ಕೋಶದಲ್ಲಿ ಆದದ್ದು. ಆದ್ದರಿಂದಲೇ ದೊಡ್ಡ ಮಚ್ಚೆ ಒಂದೇ ಮನೆಯಲ್ಲಿ ಎರಡನೇ ಮಗುವಿಗೆ ಬರುವುದು ತೀರಾ ವಿರಳ. ಈ ಮಗು ದೊಡ್ಡದಾಗಿ ಮದುವೆಯಾಗಿ ಮಕ್ಕಳನ್ನು ಪಡೆದರೆ ಅವಕ್ಕೆ ಬರುತ್ತದೆಂಬ ಭಯಕ್ಕೂ ಆಧಾರವಿಲ್ಲ. ಮುಂದಿನ ಬಸಿರಿಗೆ ಅಂಜಿ ಕೂತ ದಂಪತಿಗೆ ಈ ಮಾತನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಆರೋಪದಿಂದ ಮಗುವಿಗೆ ಆಗುವ ಕೇಡು ಯಾವುದು ಎಂಬಲ್ಲಿಗೆ ಈಗ ಬರೋಣ. ಚರ್ಮದ ಮೆಲನೋಸೈಟ್ ಕೋಶಗಳೂ ಮಿದುಳಿನ ಹೊದಿಕೆಯ ಮೆಲನೋಸೈಟ್ ಕೋಶಗಳೂ ಒಂದೇ ಮೂಲದವು ಎಂದೆ. ತಪ್ಪು ನಕಲಾದ ಕೋಶದ ಸಂತತಿ ಮಿದುಳಿಗೂ ಹೋಗಿದ್ದರೆ ಅಲ್ಲೂ ಅವು ಗುಂಪುಗೂಡಿರಬಹುದು. ಚರ್ಮದ ಮಚ್ಚೆಗೂ ಮಿದುಳಿಗೂ ಇರುವ ಈ ನಂಟನ್ನು 1861ರಷ್ಟು ಹಿಂದೆಯೇ ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ರೊಕಿಟಾನ್ಸ್ಕಿ ವರದಿ ಮಾಡಿದ್ದ. ಹೀಗಾದ ಮಕ್ಕಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ, ಕೆಲವರಿಗೆ ಮಿದುಳಿನಲ್ಲಿ ನೀರು ತುಂಬಿಕೊಂಡು ತಲೆ ದೊಡ್ಡದಾಗುತ್ತದೆ, ಕೆಲವರು ಮಾತು, ನಡಿಗೆಯಲ್ಲಿ ಹಿಂದೆ ಬೀಳುತ್ತಾರೆ; ಹಲವರಿಗೆ ಏನೂ ಆಗುವುದಿಲ್ಲ. ಯಾರಿಗೆ ಎಚ್ಚರ ಬೇಕೆಂದು ತಿಳಿಯಲು ಈಗಿರುವ ಅತ್ಯುತ್ತಮ ಸಾಧನ ಎಂಆರ್‌ಐ. ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ ಹೀಗೆ ಸ್ಕ್ಯಾನ್ ಮಾಡಿದ ಮಕ್ಕಳಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿಗೆ ಮಿದುಳು ಅಥವಾ ಬೆನ್ನುಹುರಿಯಲ್ಲಿ ಏನಾದರೊಂದು ವ್ಯತ್ಯಾಸ ಕಂಡಿತ್ತು. ಅಲ್ಲಿ ಪಾಲಿಸುವ ಕ್ರಮದಂತೆ ಹುಟ್ಟುವಾಗಲೇ ಎರಡು ಅಥವಾ ಹೆಚ್ಚು ಇಂಥ ಮಚ್ಚೆಗಳಿದ್ದರೆ, ಅವು ಚಿಕ್ಕವಾಗಿದ್ದರೂ, ಮೊದಲ ವರ್ಷದಲ್ಲಿ ಒಮ್ಮೆ ಎಂಆರ್‌ಐ ಮಾಡಿಸಬೇಕು. ಬೆನ್ನಿನ ನಡುಭಾಗ ಅಥವಾ ತಲೆಯ ಮೇಲೆ ಒಂದೇ ದೈತ್ಯ ಮಚ್ಚೆಯಿದ್ದರೂ ಮಾಡಿಸುವುದು ಒಳ್ಳೆಯದೆಂಬುದು ಹಲವು ತಜ್ಞರ ಅಭಿಪ್ರಾಯ.

ಇಲ್ಲಿ ಸಮಯದ ಪ್ರಶ್ನೆ ಬರುತ್ತದೆ. ಕೂಸಿನ ಮಿದುಳಿನ ನರತಂತುಗಳ ಮೇಲೆ ಕೊಬ್ಬಿನ ಹೊದಿಕೆ ತಿಂಗಳು ತಿಂಗಳಿಗೆ ಬೆಳೆಯುತ್ತ ಹೋಗುತ್ತದೆ. ಆ ಹೊದಿಕೆ ಬೆಳೆದ ಮೇಲೆ ಬಣ್ಣದ ಕೋಶಗಳ ಗುಂಪು ಸ್ಕ್ಯಾನ್‌ನಲ್ಲಿ ಅದರೊಂದಿಗೆ ಬೆರೆತು ಕಾಣದೆ ಹೋಗಬಹುದು. ಹಾಗಾಗಿ ಮೊದಲ ಆರು ತಿಂಗಳೊಳಗೆ ಮಾಡಿಸಿದ ಎಂಆರ್‌ಐ ಹೆಚ್ಚು ಸ್ಪಷ್ಟ. ಇನ್ನೊಂದು ಅನುಕೂಲವೂ ಉಂಟು. ಪುಟ್ಟ ಕೂಸನ್ನು ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿ ಎಷ್ಟೋ ಬಾರಿ ಅರಿವಳಿಕೆ ಇಲ್ಲದೆಯೇ ಸ್ಕ್ಯಾನ್ ಮಾಡಬಹುದು. ಅಂಬೆಗಾಲಿಡುವ ಮಗುವಿಗೆ ಅದು ಸಾಧ್ಯವಿಲ್ಲ. ಎಂಆರ್‌ಐ ದುಬಾರಿ, ಏನೂ ಲಕ್ಷಣವಿಲ್ಲದ ಮಗುವಿಗೆ ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದೇ ಚಿಕ್ಕ ಮಚ್ಚೆಯಿರುವ ಮಗುವಿಗೆ ಅದು ಬೇಕಿಲ್ಲ, ಕೇಳಿದರೂ ಮಾಡಿಸಬೇಡಿ. ಆದರೆ ಬೇಕಾದ ಮಗುವಿಗೆ ಅದು ಸಾಮಾನ್ಯವಾಗಿ ಒಮ್ಮೆ ಮಾತ್ರ ಬೇಕಾಗುವ ಪರೀಕ್ಷೆ. ಸ್ವಚ್ಛವಾಗಿದ್ದರೆ ತಂದೆತಾಯಿಯ ಎದೆಯ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಇಲ್ಲದಿದ್ದರೆ ಫಿಟ್ಸ್ ಬರುವ ಮುಂಚೆಯೇ ಮಕ್ಕಳ ನರತಜ್ಞರ ಕಣ್ಗಾವಲು ಶುರುವಾಗುತ್ತದೆ, ಬೆಳವಣಿಗೆಯ ತೊಡಕಿಗೆ ತರಬೇತಿ ಬೇಗ ಸಿಗುತ್ತದೆ. ಬಾಣಂತನದ ಮೂರು ತಿಂಗಳು ಕೂಸನ್ನು ಯಾರಿಗೂ ತೋರಿಸದೆ, ನಾಮಕರಣಕ್ಕೂ ಮೈಮುಚ್ಚಿ ಕೂರಿಸಿ, ನೆಂಟರ ಬಾಯಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಉಳಿದ ಮನೆಗೆ ಕೈತಪ್ಪುವುದು ಈ ಅವಕಾಶ.

ಕ್ಯಾನ್ಸರ್ ಭಯವನ್ನೂ ಬಿಡಿಸಿ ನೋಡಬೇಕು. ಈ ಮಚ್ಚೆಗಳಲ್ಲಿ ಮೆಲನೋಮ ಎಂಬ ಉಗ್ರ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ, ಸುಳ್ಳಲ್ಲ. ಹಿಂದೆ ಭಯಂಕರ ಅಂಕಿಗಳು ಚಲಾವಣೆಯಲ್ಲಿದ್ದವು. 2006ರಲ್ಲಿ ಸ್ವೆನ್ ಕ್ರೆಂಗೆಲ್ ಮತ್ತು ಸಹೋದ್ಯೋಗಿಗಳು 14 ಅಧ್ಯಯನಗಳ 6,571 ಮಂದಿಯ ಲೆಕ್ಕ ಒಟ್ಟುಗೂಡಿಸಿದಾಗ ಮೆಲನೋಮ ಬಂದದ್ದು 46 ಮಂದಿಗೆ, ಅಂದರೆ ಶೇ 0.7. ದೊಡ್ಡ ಮಚ್ಚೆಯವರಲ್ಲಿ ಅದು ಶೇ 2ರ ಆಸುಪಾಸು. ಅತಿ ದೊಡ್ಡ ಮಚ್ಚೆ, ಹಲವು ಮರಿ ಮಚ್ಚೆಗಳು, ಎಂಆರ್‌ಐಯಲ್ಲಿ ದೋಷ ಇವೆಲ್ಲ ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಹಾಗಾದರೆ ಕೂಡಲೇ ಕತ್ತರಿಸಿ ತೆಗೆಯಬಾರದೇ? ಬಹಳ ಸಹಜವಾದ ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ದೈತ್ಯ ಮಚ್ಚೆಯ ಕೋಶಗಳು ಚರ್ಮದ ಕೆಳಗಿನ ಕೊಬ್ಬಿನವರೆಗೆ, ಕೆಲವೊಮ್ಮೆ ಸ್ನಾಯುವಿನವರೆಗೆ ಇಳಿದಿರುತ್ತವೆ. ಪೂರ್ತಿ ತೆಗೆಯುವುದು ಎಷ್ಟೋ ಬಾರಿ ಅಸಾಧ್ಯ. ಕ್ಯಾನ್ಸರ್ ಚರ್ಮದಲ್ಲಿಯೇ ಹುಟ್ಟಬೇಕೆಂದಿಲ್ಲ, ಮಿದುಳಿನಲ್ಲಿಯೂ ಹುಟ್ಟಬಹುದು. ಚರ್ಮ ಕತ್ತರಿಸಿದರೆ ಅದು ತಪ್ಪುವುದಿಲ್ಲ. ಮೇಲ್ಪದರ ಕೆರೆದು ತೆಗೆಯುವ ವಿಧಾನಗಳಲ್ಲಿ ಬಣ್ಣ ಮರಳಿ ಬರುವುದುಂಟು, ಕಲೆಯೂ ಉಳಿಯುತ್ತದೆ. ಕೆಲವು ಮಚ್ಚೆಗಳು, ವಿಶೇಷವಾಗಿ ತಲೆಯ ಮೇಲಿನವು, ಮೊದಲ ಕೆಲವು ವರ್ಷಗಳಲ್ಲಿ ಏನೂ ಮಾಡದೆಯೇ ತಿಳಿಯಾಗುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಮುಖ್ಯ ಕಾರಣ ಇಂದು ರೂಪ ಮತ್ತು ಮನಸ್ಸಿನ ನೆಮ್ಮದಿ. ಕ್ಯಾನ್ಸರ್ ತಡೆಯುವುದು ಅದರ ಖಾತ್ರಿ ಫಲವಲ್ಲ. ಮುಖದ ಮೇಲಿನ, ಕೈಗೆಟುಕುವ ಗಾತ್ರದ ಮಚ್ಚೆಯನ್ನು ಹಂತಹಂತವಾಗಿ ಕತ್ತರಿಸಿ ಹೊಲಿದು, ಅಥವಾ ಪಕ್ಕದ ಒಳ್ಳೆಯ ಚರ್ಮದಡಿ ಬಲೂನಿಟ್ಟು ಹಿಗ್ಗಿಸಿ ಆ ಚರ್ಮದಿಂದ ಮುಚ್ಚಿ ಚೆನ್ನಾಗಿ ಸರಿಪಡಿಸಬಹುದು. ಅರ್ಧ ಬೆನ್ನಿನ ಮಚ್ಚೆಗೆ ಅದೇ ದಾರಿ ಹಿಡಿದರೆ ಬಾಲ್ಯದ ಬಹುಪಾಲು ಆಪರೇಷನ್ ಥಿಯೇಟರಿನಲ್ಲೇ ಕಳೆದೀತು.

ಹೆಣ್ಣುಮಗು, ನಾಳೆ ಮದುವೆಯಾಗಬೇಕು, ಆದ್ದರಿಂದ ಏನಾದರೂ ಸರಿ ಈಗಲೇ ತೆಗೆಸಿಬಿಡಿ ಎಂಬ ಒತ್ತಾಯ ನಮ್ಮ ಮನೆಗಳಲ್ಲಿ ಬಲವಾದದ್ದು. ಅದರ ಹಿಂದಿನ ಕಳವಳ ಸುಳ್ಳಲ್ಲ, ನಮ್ಮ ಸಮಾಜ ನೋಡುವ ಕಣ್ಣು ಕಟುವಾಗಿದೆ. ಆದರೆ ಆ ಕಣ್ಣಿಗೆ ಮಚ್ಚೆ ಹೇಗೋ ಹೊಲಿಗೆಯ ಗುರುತೂ ಹಾಗೆಯೇ ಕಾಣುತ್ತದೆ, ಮತ್ತು ನಮ್ಮ ಕಂದು ಚರ್ಮದಲ್ಲಿ ಗಾಯದ ಕಲೆ ದಪ್ಪವಾಗಿ ಉಬ್ಬುವ ಸಾಧ್ಯತೆ ಹೆಚ್ಚು. ತೀರ್ಮಾನ ಬೇಡವೆಂದಲ್ಲ, ಮಗುವಿನ ಅನುಕೂಲಕ್ಕೆ ತಕ್ಕಂತೆ, ತುಸು ಕಾದು, ಸಾಧ್ಯವಾದರೆ ಮಗು ತಾನೇ ಬೇಕು ಬೇಡ ಹೇಳುವಷ್ಟು ಬೆಳೆದ ಮೇಲೆ ಆಗಲಿ. ಹೊಸ ಚಿಕಿತ್ಸೆಗಳತ್ತ ಕೆಲಸ ನಡೆದಿದೆ. ಎನ್‌ರಾಸ್ ಸೂಚನೆಯನ್ನೇ ತಗ್ಗಿಸುವ ಔಷಧಗಳು, ದೇಹದ ರೋಗನಿರೋಧಕ ಶಕ್ತಿಯನ್ನು ಮಚ್ಚೆಯ ವಿರುದ್ಧ ಎಬ್ಬಿಸುವ ಲೇಪನಗಳು ಇಲಿಗಳಲ್ಲಿ ಮಚ್ಚೆಯನ್ನು ಕುಗ್ಗಿಸಿವೆ. ಮನುಷ್ಯರಿಗೆ ರೂಢಿಯ ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ, ಮಾಡಬಾರದ್ದು ಸ್ವಲ್ಪ ಹೆಚ್ಚು. ಮಚ್ಚೆಯ ಚರ್ಮ ದಪ್ಪವಾಗಿ ಕಂಡರೂ ನಾಜೂಕು. ಒಣಗುತ್ತದೆ, ತುರಿಸುತ್ತದೆ, ಬೇಗ ತರಚುತ್ತದೆ. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯಂದಿರು ಆ ಭಾಗವನ್ನು ಕಡಲೆಹಿಟ್ಟು ಹಾಕಿ ತಿಕ್ಕಬಾರದು. ತಿಕ್ಕಿದರೆ ಬಣ್ಣ ಹೋಗುವುದಿಲ್ಲ, ಹುಣ್ಣಾಗುತ್ತದೆ. ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆಯಂಥ ಸುಡುವ ವಸ್ತುಗಳನ್ನು ಹಚ್ಚುವುದು, ಬರೆ ಹಾಕುವುದು ಕೂಸಿನ ಮೇಲಿನ ಹಿಂಸೆ, ಅದಕ್ಕೆ ಬೇರೆ ಹೆಸರಿಲ್ಲ. ಅಂಗಡಿಯ ಬಿಳುಪಿನ ಕ್ರೀಮೂ ಬೇಡ. ಮೃದುವಾದ ತೇವ ಕೊಡುವ ಲೇಪ, ಹತ್ತಿ ಬಟ್ಟೆ, ಬಿಸಿಲಿಗೆ ತೋಳು ಮುಚ್ಚುವ ಅಂಗಿ ಸಾಕು. ತಿಂಗಳಿಗೊಮ್ಮೆ ಕೈಯಾಡಿಸಿ ನೋಡಿ. ಮಚ್ಚೆಯ ಮೇಲೆ ಅಥವಾ ಕೆಳಗೆ ಹೊಸದಾಗಿ ಬೇಗ ಬೆಳೆಯುವ ಗಂಟು, ವಾಸಿಯಾಗದ ಹುಣ್ಣು, ರಕ್ತ ಕಂಡರೆ ಚರ್ಮವೈದ್ಯರ ಬಳಿ ಹೋಗಿ. ಕೂಸುಗಳ ಮಚ್ಚೆಯಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ, ಆದರೆ ಸೂಕ್ಷ್ಮದರ್ಶಕದಡಿ ಕೆಲವು ಕ್ಯಾನ್ಸರಿನಂತೆಯೇ ಕಾಣುವುದರಿಂದ ಬಯಾಪ್ಸಿಯನ್ನು ಇಂಥ ಮಚ್ಚೆಗಳ ಪರಿಚಯವಿರುವ ಪರಿಣತರೇ ಓದಬೇಕು. ಪದೇ ಪದೇ ವಾಂತಿ, ಫಿಟ್ಸ್, ಬೇಗ ಬೆಳೆಯುವ ತಲೆ ಇವು ಒಂದು ದಿನವೂ ಕಾಯುವ ಲಕ್ಷಣಗಳಲ್ಲ.

ಸರ್ಕಾರದ ವ್ಯವಸ್ಥೆಯಲ್ಲಿ ಇದಕ್ಕೆ ಜಾಗ ಮಾಡುವುದು ಕಷ್ಟವೇನಲ್ಲ. ಹೆರಿಗೆಯ ನಂತರದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಆರೇಳು ಬಾರಿ ಮನೆಗೆ ಬಂದು ಕೂಸನ್ನು ನೋಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನ ದೋಷಗಳೆಂದು ಒಂಬತ್ತು ಸ್ಥಿತಿಗಳನ್ನು ಪಟ್ಟಿ ಮಾಡಿದೆ. ಸೀಳುತುಟಿ, ಹುಟ್ಟು ಹೃದಯದೋಷ, ಸೊಟ್ಟಪಾದ ಅದರಲ್ಲಿವೆ, ದೊಡ್ಡ ಹುಟ್ಟುಮಚ್ಚೆ ಇಲ್ಲ. ಸೀಳುತುಟಿಗಿಂತ ಇದು ಬಹಳ ಅಪರೂಪವಾದದ್ದರಿಂದ ಪಟ್ಟಿಗೆ ಸೇರದಿರುವುದು ಅರ್ಥವಾಗುತ್ತದೆ. ಆದರೆ ಇದನ್ನು ಗುರುತಿಸಲು ಯಂತ್ರ ಬೇಡ, ಬರಿಗಣ್ಣು ಸಾಕು. ಅಂಗೈಗಿಂತ ದೊಡ್ಡ ಕಪ್ಪು ಮಚ್ಚೆ ಅಥವಾ ಒಂದಕ್ಕಿಂತ ಹೆಚ್ಚು ಕಪ್ಪು ಹುಟ್ಟುಮಚ್ಚೆ ಕಂಡರೆ ಒಂದು ತಿಂಗಳೊಳಗೆ ಮಕ್ಕಳ ವೈದ್ಯರು ಮತ್ತು ಚರ್ಮವೈದ್ಯರಿಗೆ ತೋರಿಸಿ ಎಂಬ ಒಂದೇ ಸಾಲನ್ನು ಆಶಾ ಕಾರ್ಯಕರ್ತೆಯರ ತರಬೇತಿಗೆ ಸೇರಿಸಿದರೆ ಮುಂದಿನದನ್ನು ಜಿಲ್ಲಾ ಆಸ್ಪತ್ರೆ ನೋಡಿಕೊಳ್ಳಬಹುದು, ಬೇಕಾದವರನ್ನು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್‌ಗಳಂಥ ಕಡೆ ಕಳಿಸಬಹುದು. ಹೆರಿಗೆ ವಾರ್ಡಿನ ವೈದ್ಯರು ಮತ್ತು ದಾದಿಯರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ಮಗುವನ್ನು ಮನೆಗೆ ಕಳಿಸುವ ಮುಂಚೆ ಅತ್ತೆ, ಗಂಡ, ತವರಿನವರು ಎಲ್ಲರೂ ಎದುರಿಗಿರುವಾಗಲೇ, ಇದು ತಾಯಿ ಮಾಡಿದ ಯಾವುದರಿಂದಲೂ ಬಂದದ್ದಲ್ಲ, ಯಾರ ವಂಶದಿಂದಲೂ ಬಂದದ್ದಲ್ಲ ಎಂದು ಬಾಯಿ ಬಿಟ್ಟು ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ, ಅದೇ ಚೀಟಿಯಲ್ಲಿ ಮುಂದಿನ ಭೇಟಿಯ ತಾರೀಖನ್ನೂ ಹಾಕಿ.